‘ಬಿ ಫಾರ್ ಬಾಂಬೆ’ ಯಂತ್ರಕ್ಕೆ ಯಾಕೆ ತಿಳಿಯಲಿಲ್ಲ? ಫೋನಿನಲ್ಲಿ ಸ್ಪೆಲ್ಲಿಂಗ್ ಹೇಳುವ ಪದಪಟ್ಟಿಗಳ ಕಥೆ

ವಿಡಿಯೊದಲ್ಲಿ ಮಾತಾಡಿದ್ದನ್ನೇ ಓದೋದಕ್ಕೆ ಅನುಕೂಲ ಆಗೋ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ. ಕೇಳೋಕೆ ಪುರುಸೊತ್ತಿಲ್ಲದವರು ಓದಿಕೊಳ್ಳಿ.

ಫೋನಿನಲ್ಲಿ ಹೆಸರಿನ ಸ್ಪೆಲ್ಲಿಂಗ್ ಹೇಳುವಾಗ ನಾವು ‘ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ, ಎಂ ಫಾರ್ ಮದ್ರಾಸ್’ ಅಂತೀವಲ್ಲ? ಬಾಂಬೆ 1995ರಲ್ಲಿ ಮುಂಬೈ ಆಯ್ತು, ಮದ್ರಾಸ್ 1996ರಲ್ಲಿ ಚೆನ್ನೈ ಆಯ್ತು. ಆದರೆ ಆ ಎರಡೂ ಊರುಗಳಲ್ಲಿ ಇವತ್ತಿಗೂ ಸ್ಪೆಲ್ಲಿಂಗ್ ಹೇಳುವಾಗ ಹಳೇ ಹೆಸರೇ ಬಾಯಿಗೆ ಬರತ್ತೆ. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು, ಕೆಲಸ ಆಗತ್ತೆ. ಈಗ ಆ ಕಡೆ ಮನುಷ್ಯರ ಬದಲು ಒಂದು ಯಂತ್ರ ಇದೆ ಅಂದ್ಕೊಳ್ಳಿ. ‘ನಿಮ್ಮ ಬುಕಿಂಗ್ ಸಂಖ್ಯೆಯನ್ನು ಹೇಳಿ’ ಅನ್ನೋ ಐವಿಆರ್. ಅದಕ್ಕೆ ‘ಬಿ ಫಾರ್ ಬಾಂಬೆ’ ಅಂದ್ರೆ ‘ಕ್ಷಮಿಸಿ, ಅರ್ಥವಾಗಲಿಲ್ಲ’ ಅನ್ನೋ ಉತ್ತರ ಬರೋ ಸಾಧ್ಯತೆಯೇ ಜಾಸ್ತಿ.

ಯಾಕೆ ಹೀಗೆ ಅನ್ನೋದಕ್ಕೆ ನೂರು ವರ್ಷಕ್ಕಿಂತ ಹಳೇ ಕಥೆ ಇದೆ. ಈ ಪದಪಟ್ಟಿಗಳು ಇಬ್ಬರ ಮಧ್ಯದ ಒಂದು ಒಪ್ಪಂದ ಇದ್ದ ಹಾಗೆ. ಒಪ್ಪಂದದ ಒಂದು ತುದಿಯಲ್ಲಿ ಯಂತ್ರ ಬಂದು ಕೂತಾಗ, ಪಟ್ಟಿಯಲ್ಲಿ ಯಾವ ಪದ ಇರಬೇಕು ಅಂತ ತೀರ್ಮಾನ ಮಾಡೋ ಹಕ್ಕು ಯಾರದ್ದಾಯ್ತು ಅನ್ನೋದೇ ಇವತ್ತಿನ ಪ್ರಶ್ನೆ.

ತಂತಿಯಲ್ಲಿ ಕಳೆದುಹೋಗುವ ಅಕ್ಷರ

ಮೊದಲು ತಾಂತ್ರಿಕ ಕಾರಣ ನೋಡೋಣ. ಸಾಂಪ್ರದಾಯಿಕ ಟೆಲಿಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸತ್ತೆ. ಡಿಜಿಟಲ್ ಎಕ್ಸ್‌ಚೇಂಜುಗಳು ಬಂದಾಗಲೂ ಸೆಕೆಂಡಿಗೆ 8000 ಸ್ಯಾಂಪಲ್ ಅಂತ ನಿಗದಿಯಾಯ್ತು. ನೈಕ್ವಿಸ್ಟ್ ಲೆಕ್ಕದಲ್ಲಿ 4000 ಹರ್ಟ್ಸ್‌ಗಿಂತ ಮೇಲಿನದ್ದೆಲ್ಲ ಹೋಯ್ತು. ನಾವು ‘ಸ್’ ಅಂದಾಗ ಬರುವ ಸಿಳ್ಳಿನಂಥ ಶಬ್ದದ ಶಕ್ತಿಯಲ್ಲಿ ದೊಡ್ಡ ಪಾಲು ಇರೋದೇ ಅದರ ಮೇಲೆ. ಹಾಗಾಗಿ ಫೋನಿನಲ್ಲಿ ‘ಎಸ್’ ಮತ್ತು ‘ಎಫ್’ ಹೆಚ್ಚುಕಮ್ಮಿ ಒಂದೇ.

ಇದಕ್ಕಿಂತ ದೊಡ್ಡ ತಲೆನೋವು ಇಂಗ್ಲಿಷ್ ಅಕ್ಷರಗಳ ಹೆಸರುಗಳದ್ದು. ಬಿ, ಸಿ, ಡಿ, ಇ, ಜಿ, ಪಿ, ಟಿ, ವಿ: ಎಲ್ಲದರ ಬಾಲ ‘ಈ’. ವ್ಯತ್ಯಾಸ ಇರೋದು ಶುರುವಿನ ಕೆಲವೇ ಮಿಲಿಸೆಕೆಂಡುಗಳಲ್ಲಿ. ಅಮೆರಿಕದವರು ‘ಝಡ್’ ಬದಲು ‘ಝೀ’ ಅನ್ನೋದರಿಂದ ಅವರಿಗೆ ಅದೂ ಸೇರಿ ಒಂಬತ್ತು. ಸ್ಪೀಚ್ ರೆಕಗ್ನಿಷನ್ ಓದಿದವರು ಇದನ್ನು ‘ಇ-ಸೆಟ್’ ಅಂತಾರೆ. ಹಾಗೇ ಎ, ಎಚ್, ಜೆ, ಕೆ ಇನ್ನೊಂದು ಗುಂಪು, ಅದಕ್ಕೆ 8 ಅನ್ನೋ ಅಂಕಿ ಬೇರೆ ಸೇರಿಕೊಳ್ಳತ್ತೆ.

‘ವೇದವತಿ’ ಅನ್ನೋ ಹೆಸರು ತಗೊಳ್ಳಿ. ನಮ್ಮ ಕಡೆ ಬರೆಯೋ ಹಾಗೆ ವಿ-ಇ-ಡಿ-ಎ-ವಿ-ಎ-ಟಿ-ಎಚ್-ಐ. ಒಂಬತ್ತು ಅಕ್ಷರದಲ್ಲಿ ಐದು ಮೊದಲನೇ ಗುಂಪಿನವು, ಮೂರು ಎರಡನೇ ಗುಂಪಿನವು. ಗೊಂದಲ ಇಲ್ಲದೆ ಉಳಿಯೋದು ಕೊನೇ ‘ಐ’ ಒಂದೇ, ಅದನ್ನೂ ಗಲಾಟೆಯಲ್ಲಿ ‘ವೈ’ ಅಂತ ಕೇಳಿಸಿಕೊಳ್ಳಬಹುದು. ಮೇಲೆ ‘ತ’ಕ್ಕೆ ಟಿ-ಎಚ್ ಬರೆಯೋದು ದಕ್ಷಿಣದ ರೂಢಿ. ಪುಣೆಯಲ್ಲೋ ದೆಹಲಿಯಲ್ಲೋ ಇರೋವರಿಗೆ ‘ಟಿ ಆದ್ಮೇಲೆ ಎಚ್ ಯಾಕೆ?’ ಅನ್ನೋ ಪ್ರಶ್ನೆ ಹೊಸದಲ್ಲ.

ಬರ್ಲಿನ್ನಿನ ಡೈರೆಕ್ಟರಿ

ಟೆಲಿಫೋನ್ ಬಂದ ಕೆಲವೇ ವರ್ಷಗಳಲ್ಲಿ ಜನ ಇದಕ್ಕೆ ಉಪಾಯ ಹುಡುಕಿದರು. 1890ರ ಬರ್ಲಿನ್ ಟೆಲಿಫೋನ್ ಡೈರೆಕ್ಟರಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿದ್ದರು. ಸ್ಪೆಲ್ಲಿಂಗ್ ಬೇಕಾದರೆ ಸಂಖ್ಯೆಗಳನ್ನು ಹೇಳಬೇಕು. ಅದನ್ನು ಯಾರು ನೆನಪಿಟ್ಟುಕೊಳ್ತಾರೆ? 1903ರ ಹೊತ್ತಿಗೆ ಸಂಖ್ಯೆಗಳ ಜಾಗಕ್ಕೆ ಜನರ ಹೆಸರುಗಳು ಬಂದವು: ಡಿ ಅಂದ್ರೆ ಡೇವಿಡ್, ಎನ್ ಅಂದ್ರೆ ನಾಥನ್, ಎಸ್ ಅಂದ್ರೆ ಸ್ಯಾಮುಯೆಲ್, ಹೀಗೆ.

1934ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ಮರುವರ್ಷ, ಈ ಪಟ್ಟಿಯನ್ನು ತಿದ್ದಿದರು. ಯಹೂದಿ ಹೆಸರು ಅನ್ನಿಸಿದವನ್ನೆಲ್ಲ ತೆಗೆದರು. ಡೇವಿಡ್ ಇದ್ದಲ್ಲಿ ಡೋರಾ, ನಾಥನ್ ಇದ್ದಲ್ಲಿ ಉತ್ತರ ಧ್ರುವ ಅನ್ನೋ ಅರ್ಥದ ನೋರ್ಡ್‌ಪೋಲ್, ಸ್ಯಾಮುಯೆಲ್ ಇದ್ದಲ್ಲಿ ಸೀಗ್‌ಫ್ರೀಡ್. ಯುದ್ಧ ಮುಗಿದ ಮೇಲೆ ಸ್ಯಾಮುಯೆಲ್ ವಾಪಸ್ ಬಂದ, ಆದರೆ ನೋರ್ಡ್‌ಪೋಲ್ ದಶಕಗಟ್ಟಲೆ ಹಾಗೇ ಉಳಿಯಿತು. ಹೇಳುತ್ತಿದ್ದ ಎಷ್ಟೋ ಜನರಿಗೆ ಅದು ಎಲ್ಲಿಂದ ಬಂತು ಅನ್ನೋದೂ ಗೊತ್ತಿರಲಿಲ್ಲ. 2022ರಲ್ಲಿ ಜರ್ಮನಿಯ ಮಾನಕ ಸಂಸ್ಥೆ ಕಚೇರಿ ಬಳಕೆಗೆ ಅಂತ ಊರ ಹೆಸರುಗಳ ಹೊಸ ಪಟ್ಟಿ ತಂದಿತು. ಎ ಅಂದ್ರೆ ಆಖೆನ್, ಬಿ ಅಂದ್ರೆ ಬರ್ಲಿನ್. ನಮ್ಮ ‘ಬಾಂಬೆ, ಡೆಲ್ಲಿ, ಮದ್ರಾಸ್’ ಇದ್ದ ಹಾಗೇ!

ಇದನ್ನು ಯಾಕೆ ಹೇಳಿದೆ ಅಂದ್ರೆ, ಬರೀ ಅಕ್ಷರ ಹೇಳೋದಕ್ಕೆ ಅಂತ ಮಾಡಿದ ಪಟ್ಟಿಯಲ್ಲೂ ಯಾರ ಹೆಸರು ಇರಬೇಕು, ಯಾರದ್ದು ಇರಬಾರದು ಅನ್ನೋ ರಾಜಕೀಯ ಬಂತು. ಪಟ್ಟಿ ಬರೆಯುವವರ ಕೈ ಯಾವತ್ತೂ ಮೇಲೆ.

31 ದೇಶಗಳ ಕಿವಿ

ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಸಿಗ್ನಲ್‌ನವರಿಗೆ ತಮ್ಮದೇ ಪಟ್ಟಿ ಇತ್ತು. ಎ ಅಂದ್ರೆ ‘ಆ್ಯಕ್’, ಎಂ ಅಂದ್ರೆ ‘ಎಮ್ಮಾ’, ಪಿ ಅಂದ್ರೆ ‘ಪಿಪ್’. ಬೆಳಗ್ಗೆಯ ‘ಎ.ಎಂ.’ ಅವರ ಬಾಯಲ್ಲಿ ‘ಆ್ಯಕ್ ಎಮ್ಮಾ’, ಮಧ್ಯಾಹ್ನದ ಮೇಲಿನದ್ದು ‘ಪಿಪ್ ಎಮ್ಮಾ’. ಅಮೆರಿಕದ ಭೂಸೇನೆ ಮತ್ತು ನೌಕಾಸೇನೆ 1941ರಲ್ಲಿ ‘ಏಬಲ್, ಬೇಕರ್’ ಅಂತ ಶುರುವಾಗುವ ಜಂಟಿ ಪಟ್ಟಿ ಮಾಡಿಕೊಂಡವು.

ಯುದ್ಧ ಮುಗಿದು ನಾಗರಿಕ ವಿಮಾನಯಾನ ಬೆಳೆದಾಗ ಸಮಸ್ಯೆ ಬಂತು. ಪೈಲಟ್ ಬ್ರೆಜಿಲ್‌ನವರು, ಕಂಟ್ರೋಲ್ ಟವರಿನಲ್ಲಿರುವವರು ಫ್ರಾನ್ಸಿನವರು. ಇಂಗ್ಲಿಷಿನವರಿಗೆ ಮಾತ್ರ ಹೊಂದುವ ಪದಗಳು ಅವರಿಗೆ ಹೊಂದಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಈ ಕೆಲಸವನ್ನು ಮಾಂಟ್ರಿಯಲ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಜಾನ್-ಪಾಲ್ ವಿನೆ ಅವರಿಗೆ ವಹಿಸಿತು. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮೂರರಲ್ಲೂ ಪರಿಚಿತವಾಗಿರುವ ಪದಗಳನ್ನು ಹುಡುಕಬೇಕಿತ್ತು. 1951ರಲ್ಲಿ ಮೊದಲ ಪಟ್ಟಿ ಜಾರಿಗೆ ಬಂತು. ಬಳಸಿದವರಿಂದ ದೂರುಗಳೂ ಬಂದವು. ಮತ್ತೆ ಪರೀಕ್ಷೆ ಮಾಡಿದರು. ಈ ಪರೀಕ್ಷೆಗಳಲ್ಲಿ 31 ದೇಶಗಳ ಜನ ಮಾತಾಡಿದರು, ಕೇಳಿಸಿಕೊಂಡರು. ಕೊನೆಗೆ ಸಿ, ಎಂ, ಎನ್, ಯು, ಎಕ್ಸ್ ಈ ಐದು ಅಕ್ಷರಗಳ ಪದ ಬದಲಾಯಿಸಿ 1956ರ ಮಾರ್ಚ್ 1ರಂದು ಜಾರಿಗೆ ತಂದದ್ದೇ ಇವತ್ತಿನ ‘ಆಲ್ಫಾ, ಬ್ರಾವೊ, ಚಾರ್ಲಿ’. ಐ ಅಂದ್ರೆ ‘ಇಂಡಿಯಾ’.

ಈ ಕೆಲಸದಲ್ಲಿ ಅವರು ಕಂಡುಕೊಂಡ ಒಂದು ಸಂಗತಿ ನನಗೆ ಬಹಳ ಹಿಡಿಸತ್ತೆ. ಎಫ್‌ಗೆ ‘ಫುಟ್‌ಬಾಲ್’ ಅನ್ನೋ ಪದ ಒಂಟಿಯಾಗಿ ಹೇಳಿದರೆ ‘ಫಾಕ್ಸ್‌ಟ್ರಾಟ್’ಗಿಂತ ಚೆನ್ನಾಗಿ ಅರ್ಥ ಆಗತ್ತೆ. ಆದರೆ ಉದ್ದದ ಮಾತುಕತೆಯಲ್ಲಿ ಫಾಕ್ಸ್‌ಟ್ರಾಟೇ ಗೆಲ್ಲತ್ತೆ. ಅಂದರೆ ಒಂದು ಪದ ಒಳ್ಳೇದೋ ಕೆಟ್ಟದ್ದೋ ಅಂತ ಅದೊಂದನ್ನೇ ನೋಡಿ ಹೇಳೋಕಾಗಲ್ಲ, ಇಡೀ ಪಟ್ಟಿ ಒಟ್ಟಿಗೆ ಕೆಲಸ ಮಾಡಬೇಕು. ಇನ್ನೊಂದು ಸೂಕ್ಷ್ಮ: ‘ಆಲ್ಫಾ’ ಬರೆಯುವಾಗ ಇಂಗ್ಲಿಷಿನ ಪಿ-ಎಚ್ ಬಿಟ್ಟು ಎಫ್ ಹಾಕಿದರು, ಪಿ-ಎಚ್ ಕಂಡರೆ ಎಲ್ಲ ಭಾಷೆಯವರೂ ‘ಫ’ ಅಂತ ಓದಲ್ಲ ಅಂತ. ‘ಜೂಲಿಯೆಟ್’ ಕೊನೆಗೆ ಎರಡು ಟಿ ಹಾಕಿದರು, ಫ್ರೆಂಚಿನವರು ಒಂದೇ ಟಿ ಇದ್ದರೆ ಅದನ್ನು ಉಚ್ಚರಿಸದೆ ಬಿಟ್ಟುಬಿಡ್ತಾರೆ ಅಂತ. ಬಳಸುವ ಜನರ ಕಿವಿ, ಬಾಯಿ ಎರಡನ್ನೂ ವಿಚಾರಿಸಿ ಮಾಡಿದ ಪಟ್ಟಿ ಇದು.

ಯಂತ್ರ ಕೇಳೋಕೆ ಶುರು ಮಾಡಿತು

ವಿಮಾನದವರು ಅಕ್ಷರಗಳ ಜೊತೆ ಗುದ್ದಾಡುತ್ತಿದ್ದ ಅದೇ ಕಾಲದಲ್ಲಿ, 1952ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ‘ಆಡ್ರಿ’ ಅನ್ನೋ ಯಂತ್ರ ತಯಾರಾಯ್ತು. ಅದಕ್ಕೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮಾತ್ರ ತಿಳಿಯುತ್ತಿದ್ದವು, ಅದೂ ಯಾರ ಧ್ವನಿಗೆ ಹೊಂದಿಸಿದ್ದರೋ ಅವರು ನಿಧಾನವಾಗಿ ಹೇಳಿದರೆ. 1962ರಲ್ಲಿ ಐಬಿಎಂ ತೋರಿಸಿದ ‘ಶೂಬಾಕ್ಸ್’ಗೆ 16 ಪದ ಗೊತ್ತಿತ್ತು, ಅಲ್ಲೂ ಹತ್ತು ಪದ ಅಂಕಿಗಳೇ. ಯಂತ್ರಕ್ಕೆ ಅಂಕಿ ಸುಲಭ, ಅಕ್ಷರ ಕಷ್ಟ ಅನ್ನೋದು ಶುರುವಿನಿಂದಲೂ ಇದ್ದದ್ದು.

1963ರ ನವೆಂಬರಿನಲ್ಲಿ ಅಮೆರಿಕದಲ್ಲಿ ಗುಂಡಿ ಒತ್ತುವ ಟಚ್-ಟೋನ್ ಫೋನ್ ಬಂತು. ಮುಂದೆ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಅನ್ನೋ ಐವಿಆರ್ ಸಾಧ್ಯವಾದದ್ದು ಇದರಿಂದ. ಗುಂಡಿಗಳ ಮೇಲೆ ಅಕ್ಷರಗಳೂ ಇದ್ದವು, ಆದರೆ ಒಂದು ಗುಂಡಿಗೆ ಮೂರ್ನಾಲ್ಕು ಅಕ್ಷರ. ವೇದವತಿ ತಮ್ಮ ಹೆಸರನ್ನು ಒತ್ತಿದರೆ ಹೋಗೋದು 833282844. ಕಂಪನಿಯ ನೌಕರರ ಪಟ್ಟಿಯಲ್ಲಿ ಈ ಸಂಖ್ಯೆಗೆ ಹೊಂದುವ ಹೆಸರು ಒಂದೇ ಇದ್ದರೆ ಸರಿ, ಇಲ್ಲದಿದ್ದರೆ ಮತ್ತೆ ಕೇಳಬೇಕು.

ಬಾಯಲ್ಲಿ ಸ್ಪೆಲ್ಲಿಂಗ್ ಹೇಳಿ ಹೆಸರು ಹುಡುಕುವ ಪ್ರಯೋಗ ಬೆಲ್ ಲ್ಯಾಬ್ಸ್‌ನಲ್ಲೇ 1970ರ ದಶಕದ ಕೊನೆಯಲ್ಲಿ ಆಯ್ತು. ರೋಸೆನ್‌ಬರ್ಗ್ ಮತ್ತು ಶ್ಮಿಟ್ ಅದರ ಬಗ್ಗೆ 1979ರಲ್ಲಿ ಪ್ರಬಂಧ ಬರೆದರು. ಕರೆ ಮಾಡಿದವರು ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು, ಯಂತ್ರ 15,000ಕ್ಕೂ ಹೆಚ್ಚು ಹೆಸರುಗಳಿದ್ದ ಡೈರೆಕ್ಟರಿಯಲ್ಲಿ ಹುಡುಕಬೇಕು. ಬಿಡಿ ಅಕ್ಷರಗಳನ್ನು ಯಂತ್ರ ಆಗಾಗ ತಪ್ಪಾಗಿ ಕೇಳಿಸಿಕೊಳ್ಳುತ್ತಿತ್ತು. ಆದರೂ ಹೆಚ್ಚಿನ ಸಲ ಸರಿಯಾದ ಹೆಸರೇ ಸಿಗುತ್ತಿತ್ತು. ಕಾರಣ, ಯಂತ್ರ ಪ್ರತಿ ಅಕ್ಷರಕ್ಕೂ ‘ಇದು ಬಿ ಇರಬಹುದು, ಡಿ ಇರಬಹುದು, ವಿ ಇರಬಹುದು’ ಅಂತ ಹಲವು ಊಹೆಗಳನ್ನು ಇಟ್ಟುಕೊಂಡು, ಯಾವ ಜೋಡಣೆ ಡೈರೆಕ್ಟರಿಯಲ್ಲಿ ನಿಜವಾಗಿ ಇದೆ ಅಂತ ನೋಡುತ್ತಿತ್ತು. ಅಂದರೆ ಡೈರೆಕ್ಟರಿಯಲ್ಲಿ ಇರುವ ಹೆಸರು ತಪ್ಪು ಕೇಳಿದರೂ ಸಿಗತ್ತೆ. ಇಲ್ಲದ ಹೆಸರು ಎಷ್ಟೇ ಸ್ಪಷ್ಟವಾಗಿ ಹೇಳಿದರೂ ಸಿಗಲ್ಲ.

1990ರಲ್ಲಿ ಆರೆಗಾನ್‌ನ ಸಂಶೋಧಕರು ‘ಐಸೊಲೆಟ್’ ಅನ್ನೋ ದತ್ತಾಂಶ ಮಾಡಿದರು. 150 ಜನ, ಪ್ರತಿಯೊಬ್ಬರೂ 26 ಅಕ್ಷರಗಳನ್ನು ಎರಡೆರಡು ಸಲ ಹೇಳಿದ್ದು, ಒಟ್ಟು 7,800 ಧ್ವನಿತುಣುಕು. ಎಂಟೆಕ್ ಮಾಡುವಾಗ ಪ್ಯಾಟರ್ನ್ ರೆಕಗ್ನಿಷನ್ ಅಸೈನ್‌ಮೆಂಟಿಗೆ ಅದರ 617 ಫೀಚರುಗಳ ಫೈಲನ್ನು ಇಳಿಸಿಕೊಂಡವರಲ್ಲಿ ನಾನೂ ಒಬ್ಬ, ನಿಮ್ಮಲ್ಲೂ ಕೆಲವರು ಇರಬಹುದು. ಅದರಲ್ಲಿ ಇರೋದು ಅಮೆರಿಕನ್ ಇಂಗ್ಲಿಷ್. ಅಲ್ಲಿ ‘ಝೀ’ ಇದೆ. ನಮ್ಮ ‘ಝಡ್’ ಇಲ್ಲ.

‘ಫಾರ್’ ಅಂದ್ರೆ ನಾಲ್ಕು

1992ರಲ್ಲಿ ಎಟಿ&ಟಿ ಕಂಪನಿ ಆಪರೇಟರ್ ಕರೆಗಳನ್ನು ಯಂತ್ರಕ್ಕೆ ಒಪ್ಪಿಸಲು ಶುರು ಮಾಡಿದಾಗ ಅದು ಗುರುತಿಸಬೇಕಿದ್ದದ್ದು ಐದೇ ಪದ: ಕಲೆಕ್ಟ್, ಕಾಲಿಂಗ್ ಕಾರ್ಡ್, ಪರ್ಸನ್, ಥರ್ಡ್ ನಂಬರ್, ಆಪರೇಟರ್. ಆ ಐದನ್ನೂ ಜನ ಬಿಡಿಯಾಗಿ ಹೇಳಲ್ಲ, ‘ಕಲೆಕ್ಟ್ ಕಾಲ್ ಮಾಡಬೇಕಿತ್ತು ದಯವಿಟ್ಟು’ ಅಂತ ಸೇರಿಸಿ ಹೇಳ್ತಾರೆ. ಅದಕ್ಕಾಗಿ ವಾಕ್ಯದ ಮಧ್ಯದಿಂದ ಬೇಕಾದ ಪದವನ್ನು ಮಾತ್ರ ಹೆಕ್ಕುವ ತಂತ್ರ ಬಂತು. ಇಲ್ಲಿ ಯಂತ್ರವನ್ನು ಜನರ ಮಾತಿಗೆ ಹೊಂದಿಸಿದರು ಅನ್ನೋದನ್ನು ಗಮನಿಸಿ.

2004ರ ಮಾರ್ಚಿನಲ್ಲಿ ವಾಯ್ಸ್‌ಎಕ್ಸ್‌ಎಂಎಲ್ 2.0 ಮಾನಕವಾಯ್ತು. ವೆಬ್ ಪುಟಕ್ಕೆ ಎಚ್‌ಟಿಎಂಎಲ್ ಇದ್ದ ಹಾಗೆ ಐವಿಆರ್‌ಗೆ ಇದು. ಈ ಮಾನಕದಲ್ಲಿ ಸಿದ್ಧವಾಗಿ ಹೆಸರಿಸಿದ್ದ ಬಗೆಗಳು ಏಳು: ಹೌದು-ಇಲ್ಲ, ದಿನಾಂಕ, ಅಂಕಿಗಳು, ಹಣ, ಸಂಖ್ಯೆ, ಫೋನ್ ನಂಬರ್, ಸಮಯ. ಅಕ್ಷರಗಳು ಇಲ್ಲ! ಸ್ಪೆಲ್ಲಿಂಗ್ ಬೇಕಾದರೆ ಡೆವಲಪರ್ ತಾನೇ ಗ್ರಾಮರ್ ಬರೆಯಬೇಕು, ಇಲ್ಲವೇ ಕೊಂಡು ತರಬೇಕು. ಇಲ್ಲಿ ಗ್ರಾಮರ್ ಅಂದ್ರೆ ಯಂತ್ರ ಒಪ್ಪಿಕೊಳ್ಳುವ ಮಾತುಗಳ ಪಟ್ಟಿ. ‘ಬಿ’ ಅಂದರೂ ಸರಿ, ‘ಬ್ರಾವೊ’ ಅಂದರೂ ಸರಿ, ‘ಬಿ ಆ್ಯಸ್ ಇನ್ ಬಾಯ್’ ಅಂದರೂ ಸರಿ ಅಂತ ಅದರಲ್ಲಿ ಬರೆದಿರಬೇಕು. ಬರೆದಿಲ್ಲದ್ದು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ಆಡಿದ್ದನ್ನು ಪಟ್ಟಿಯಲ್ಲಿರುವ ಯಾವುದಾದರೂ ಒಂದಕ್ಕೆ ಬಲವಂತವಾಗಿ ಹೊಂದಿಸತ್ತೆ, ಇಲ್ಲವೇ ‘ಅರ್ಥವಾಗಲಿಲ್ಲ’ ಅನ್ನತ್ತೆ.

ಈಗ ನಮ್ಮ ಮಾತನ್ನು ಅದರ ಮುಂದೆ ಇಡಿ. ಅಮೆರಿಕದಲ್ಲಿ ‘ಬಿ ಆ್ಯಸ್ ಇನ್ ಬಾಯ್’ ಅಂತಾರೆ. ನಾವು ಬ್ರಿಟಿಷರಿಂದ ಕಲಿತದ್ದು ‘ಬಿ ಫಾರ್’. ಅಕ್ಷರ, ಅಂಕಿ ಎರಡನ್ನೂ ಕೇಳುವ ಗ್ರಾಮರಿಗೆ ‘ಫಾರ್’ ಮತ್ತು ‘ಫೋರ್’ ಒಂದೇ ಥರ ಕೇಳತ್ತೆ. ‘ಬಿ ಫಾರ್’ ಅಂದರೆ ಬಿ-4! ಅದರ ಹಿಂದೆ ಬಂದ ‘ಬಾಂಬೆ’ ಏನು ಅಂತ ಅದಕ್ಕೆ ಗೊತ್ತೇ ಇಲ್ಲ.

ಇಷ್ಟಕ್ಕೇ ಮುಗಿಯಲ್ಲ. ನಮ್ಮಲ್ಲಿ ಬಹಳ ಜನ ‘ಎಚ್’ ಅನ್ನಲ್ಲ, ‘ಹೆಚ್’ ಅಂತಾರೆ. ಕನ್ನಡ ಪತ್ರಿಕೆಗಳಲ್ಲೂ ಎರಡೂ ಥರ ಬರೀತಾರೆ. ಒಂದೇ ಅಂಕಿ ಎರಡು ಸಲ ಬಂದರೆ ‘ಡಬಲ್ ಫೈವ್’, ಮೂರು ಸಲ ಬಂದರೆ ‘ಟ್ರಿಪಲ್ ನೈನ್’ ಅಂತೀವಿ. ಇದೇ ಅಭ್ಯಾಸವನ್ನು ಅಕ್ಷರಕ್ಕೆ ತಂದರೆ ‘ಡಬಲ್ ಯು’ ಅಂದ್ರೆ ಎರಡು ಯು ಅಕ್ಷರಗಳೋ, ಡಬ್ಲ್ಯೂ ಅನ್ನೋ ಒಂದು ಅಕ್ಷರವೋ? ಮನುಷ್ಯರಾದರೆ ‘ಯಾವ್ದು ಸಾರ್?’ ಅಂತ ಒಂದು ಪ್ರಶ್ನೆ ಕೇಳಿ ಬಗೆಹರಿಸಿಕೊಳ್ತಾರೆ. ‘ಎಸ್ ಫಾರ್ ಶುಗರ್’ ಅಂದರೆ ಶುಗರ್ ಅನ್ನೋ ಪದ ‘ಶ’ದಿಂದ ಶುರುವಾದರೂ ಅಕ್ಷರ ಎಸ್ ಅಂತ ಅವರಿಗೆ ಗೊತ್ತು. ಫೋನಿನ ಆ ತುದಿಯಲ್ಲಿದ್ದವರ ಈ ಊಹಾಶಕ್ತಿಯ ಮೇಲೇ ಹಳೇ ಪದಪಟ್ಟಿಗಳೆಲ್ಲ ನಿಂತಿದ್ದವು. 1956ರ ಪಟ್ಟಿ ಮಾಡುವಾಗ 31 ದೇಶಗಳ ಜನರನ್ನು ಕೂರಿಸಿ ಕೇಳಿದರು. ಒಂದು ಐವಿಆರ್ ಗ್ರಾಮರ್ ಬರೆಯೋಕೆ ಡೆಡ್‌ಲೈನ್ ಹತ್ತಿರ ಬಂದ ಒಬ್ಬ ಡೆವಲಪರ್ ಸಾಕು. ನಾವು ಆ ಕುರ್ಚಿಯಲ್ಲಿ ಕೂರುವವರೇ, ಹಾಗಾಗಿ ಇದು ಬೇರೆಯವರ ಮೇಲೆ ಹಾಕುವ ದೂರಲ್ಲ.

ನಮ್ಮಲ್ಲಿ ಅಂಕಿಯ ದಾರಿ

ಭಾರತದಲ್ಲಿ ಈ ತೊಂದರೆಯನ್ನು ಬಹುಮಟ್ಟಿಗೆ ಪಕ್ಕಕ್ಕೆ ಸರಿಸಿದ್ದೇವೆ. ರೈಲಿನ ಪಿಎನ್‌ಆರ್ 10 ಅಂಕಿ, ಬರೀ ಅಂಕಿ. ಹಾಗಾಗಿ 139ಕ್ಕೆ ಕರೆ ಮಾಡಿ ಗುಂಡಿ ಒತ್ತಿದರೆ ಸಾಕು. ಆಧಾರ್ 12 ಅಂಕಿ, ಕೊನೇದು ತಪ್ಪು ಹಿಡಿಯುವ ಅಂಕಿ. ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನ ಅದು, ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸಿಕ್ಕಿಬೀಳತ್ತೆ. ಹತ್ತಾರು ಭಾಷೆ, ಲಿಪಿಗಳ ದೇಶದಲ್ಲಿ ಇದು ಜಾಣತನದ ದಾರಿ. ಅಂಕಿಗೆ ಸ್ಪೆಲ್ಲಿಂಗ್ ಇಲ್ಲ.

ಆದರೆ ಅಕ್ಷರ ಪೂರ್ತಿ ಹೋಗಿಲ್ಲ. ವಿಮಾನದ ಬುಕಿಂಗ್ ಸಂಖ್ಯೆಯ ಆರು ಸ್ಥಾನಗಳಲ್ಲಿ ಅಕ್ಷರಗಳೂ ಇರ್ತವೆ. ಪ್ಯಾನ್‌ನಲ್ಲಿ ಮೊದಲು ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ. ಐಎಫ್‌ಎಸ್‌ಸಿ 11 ಸ್ಥಾನದ್ದು. ಇವುಗಳ ರಚನೆಯಲ್ಲೇ ಯಂತ್ರಕ್ಕೆ ಬೇಕಾದ ಸುಳಿವು ಇದೆ. ವ್ಯಕ್ತಿಯ ಪ್ಯಾನ್ ಆದರೆ ನಾಲ್ಕನೇ ಅಕ್ಷರ ಯಾವಾಗಲೂ ಪಿ, ಅದನ್ನು ಬಿ ಅಂತಲೋ ಟಿ ಅಂತಲೋ ಕೇಳಿಸಿಕೊಳ್ಳುವ ಪ್ರಮೇಯವೇ ಇಲ್ಲ. ಐದನೇದು ಸರ್‌ನೇಮಿನ ಮೊದಲ ಅಕ್ಷರ. ಐಎಫ್‌ಎಸ್‌ಸಿಯ ಐದನೇ ಸ್ಥಾನ ಯಾವಾಗಲೂ ಸೊನ್ನೆ, ನಾವು ಅದನ್ನು ‘ಓ’ ಅಂದರೂ ಗೊಂದಲ ಆಗಬೇಕಿಲ್ಲ. ಬೆಲ್ ಲ್ಯಾಬ್ಸ್‌ನವರು ಡೈರೆಕ್ಟರಿಯಿಂದ ಪಡೆದ ಸಹಾಯವೇ ಇದು.

ಉಳಿಯೋದು ಹೆಸರು. ಹೆಸರಿಗೆ ಇಂಥ ರಚನೆ ಇಲ್ಲ, ತಪ್ಪು ಹಿಡಿಯುವ ಅಂಕಿಯೂ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಬರುವ ನಮ್ಮ ಪದ್ಧತಿಯಲ್ಲಿ ‘ಸರ್‌ನೇಮ್ ಹೇಳಿ’ ಅನ್ನೋ ಪ್ರಶ್ನೆಗೆ ಉತ್ತರವೇ ಇರಲ್ಲ ಅನ್ನೋದು ಹೊರರಾಜ್ಯದಲ್ಲಿರುವ ಪ್ರತಿ ಕನ್ನಡಿಗರಿಗೂ ಗೊತ್ತು.

ಹೊಟ್ಟೆ ಸೀಳಿದ ಷ

ಕನ್ನಡದಲ್ಲಿ ಇಂಥ ಪಟ್ಟಿ ಯಾಕೆ ಬೇಕಾಗಲಿಲ್ಲ ಅಂತ ಕೆಲವರು ಕೇಳ್ತಾರೆ. ನಮ್ಮ ಅಕ್ಷರಕ್ಕೆ ಬೇರೆ ಹೆಸರಿಲ್ಲ, ‘ಕ’ ಅನ್ನೋ ಅಕ್ಷರದ ಹೆಸರು ‘ಕ’ವೇ. ಹೆಸರು ಹೇಳಿದರೆ ಬರೆಯೋಕೆ ಬರತ್ತೆ. ಅನುಮಾನ ಬಂದರೆ ಕಾಗುಣಿತ ಇದೆ: ಗುಡಿಸು, ಕೊಂಬು, ಏತ್ವ, ಒತ್ತು. ಅಲ್ಪಪ್ರಾಣವೋ ಮಹಾಪ್ರಾಣವೋ ಅಂತ ಕೇಳಬಹುದು. ಯಾವ ಷ ಅಂದರೆ ‘ಹೊಟ್ಟೆ ಸೀಳಿದ ಷ’ ಅಂತೀವಿ. ಎಷ್ಟು ಚೆಂದದ ಗುರುತು! ಆದರೆ ಆ ಗುರುತು ಅಕ್ಷರದ ಆಕಾರವನ್ನು ಕಣ್ಣಲ್ಲಿ ಕಂಡವರಿಗೆ ಮಾತ್ರ. ಬರೀ ಧ್ವನಿ ಕೇಳಿ ಕಲಿತ ಯಂತ್ರಕ್ಕೆ ಹೊಟ್ಟೆಯೂ ಗೊತ್ತಿಲ್ಲ, ಸೀಳಿದ್ದೂ ಗೊತ್ತಿಲ್ಲ. ಯಾರೋ ಪಟ್ಟಿಗೆ ಸೇರಿಸಿದರೆ ತಾನೇ ಅದು ತಿಳಿಯೋದು?

ಈಗ ಏನು?

ಈಗಿನ ನ್ಯೂರಲ್ ಮಾದರಿಗಳಿಗೆ ಹಳೇ ಗ್ರಾಮರಿನ ಕಟ್ಟು ಇಲ್ಲ. ‘ಬಿ ಫಾರ್ ಬಾಂಬೆ’ ಅಂದರೆ ಅದನ್ನು ಹಾಗೇ ಪಠ್ಯವಾಗಿ ಬರೆದುಕೊಡಬಲ್ಲವು. ಅಲ್ಲಿಂದ ‘ಬಿ’ ತೆಗೆಯೋದು ನಮ್ಮ ಕೋಡಿನ ಕೆಲಸ. ಹಾಗಂತ ಎಲ್ಲ ಬಗೆಹರಿದಿಲ್ಲ. ಕಲಿಕೆಯ ದತ್ತಾಂಶದಲ್ಲಿ ಅಪರೂಪವಾದ ಹೆಸರನ್ನು ಈ ಮಾದರಿಗಳು ಹೆಚ್ಚು ಪರಿಚಿತವಾದ ಇನ್ನೊಂದು ಹೆಸರಿಗೆ ಎಳೆದುಬಿಡ್ತವೆ. ಪಟ್ಟಿ ಈಗ ಕಣ್ಣಿಗೆ ಕಾಣಲ್ಲ ಅಷ್ಟೇ, ದತ್ತಾಂಶದೊಳಗೆ ಅಡಗಿದೆ.

‘ಈಗೆಲ್ಲ ಆ್ಯಪ್ ಇದೆಯಲ್ಲ, ಫೋನ್ ಯಾರು ಮಾಡ್ತಾರೆ?’ ಅಂತ ಕೇಳಬಹುದು. ನಾನು, ನೀವು ಮಾಡಲ್ಲ. ಊರಲ್ಲಿರುವ ಅಪ್ಪ ಅಮ್ಮ ಮಾಡ್ತಾರೆ, ಕಣ್ಣು ಕಾಣದವರು ಮಾಡ್ತಾರೆ, ಸಣ್ಣ ಫೋನ್ ಇಟ್ಟುಕೊಂಡವರು ಮಾಡ್ತಾರೆ. ಯಂತ್ರ ಮೂರು ಸಲ ‘ಅರ್ಥವಾಗಲಿಲ್ಲ’ ಅಂದ ಮೇಲೆ ಅವರು ನಮಗೆ ಫೋನ್ ಮಾಡ್ತಾರೆ. ಪಿಂಚಣಿಯೋ ಗ್ಯಾಸೋ ಆಸ್ಪತ್ರೆಯ ಅಪಾಯಿಂಟ್‌ಮೆಂಟೋ ಅಲ್ಲಿಗೇ ನಿಂತಿರತ್ತೆ.

ಹಾಗಾಗಿ ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಗೆಳೆಯರಿಗೆ ನಾಲ್ಕು ಮಾತು. ಒಂದು, ‘ಫಾರ್’ ಆದಮೇಲೆ ಯಾವ ಪದ ಬಂದರೂ ಒಪ್ಪಿಕೊಳ್ಳಿ, ಮುಂದೆ ಹೇಳಿದ ಅಕ್ಷರಕ್ಕೂ ಆ ಪದಕ್ಕೂ ತಾಳೆ ನೋಡಿದರೆ ಸಾಕು. ಎರಡು, ಝಡ್, ಹೆಚ್, ಡಬಲ್, ಟ್ರಿಪಲ್ ಇವನ್ನೆಲ್ಲ ಮೊದಲ ದಿನವೇ ಸೇರಿಸಿ. ಮೂರು, ವಾಪಸ್ ಓದಿ ಹೇಳುವಾಗ ಯಂತ್ರವೂ ‘ವಿ ಫಾರ್ ವಿಕ್ಟರ್’ ಅಂತ ಹೇಳಲಿ, ಬರೀ ‘ವಿ’ ಅಂದರೆ ಕೇಳುವ ಅಜ್ಜನಿಗೂ ಅದೇ 3400 ಹರ್ಟ್ಸ್ ಲೈನು ತಾನೇ? ನಾಲ್ಕು, ಎರಡು ಸಲ ತಪ್ಪಿದರೆ ಮನುಷ್ಯರಿಗೆ ಕರೆ ಕೊಡಿ.

ಯಂತ್ರಕ್ಕೆ ಕರೆ ಮಾಡುವವರಿಗೆ ಒಂದೇ ಮಾತು. ಅದು ಹಳೇ ಥರದ್ದು ಅನ್ನಿಸಿದರೆ ‘ಫಾರ್’ ಬಿಟ್ಟು ಬರೀ ‘ಬ್ರಾವೊ’, ‘ಡೆಲ್ಟಾ’, ‘ವಿಕ್ಟರ್’ ಅಂತ ಹೇಳಿ ನೋಡಿ. ಯಾವುದಾದರೂ ಪಟ್ಟಿ ಅದರೊಳಗೆ ಇದ್ದರೆ ಅದು 1956ರದ್ದೇ ಇರುವ ಸಂಭವ ಹೆಚ್ಚು.

ನಿಮ್ಮ ಹೆಸರಿನ ಯಾವ ಅಕ್ಷರ ಫೋನಿನಲ್ಲಿ ಹೆಚ್ಚು ಕಾಟ ಕೊಡತ್ತೆ, ಅದಕ್ಕೆ ನೀವು ಯಾವ ಪದ ಹೇಳ್ತೀರ ಅಂತ ಕಮೆಂಟಿನಲ್ಲಿ ಬರೀರಿ. ಎಲ್ಲ ಸೇರಿಸಿದರೆ ನಮ್ಮದೇ ಒಂದು ಪಟ್ಟಿ ಆಗಬಹುದು.